ಹಗ್ಗದ ಮೇಲೆ ಹತ್ತು ಎಲ್ಲಿ?

ಜನವರಿ 22, 2025, ಬುಧವಾರ
ಸುಂಟಿಕೊಪ್ಪ

ಕಾಫಿ ಕೊಯ್ಲಿನ ಭರಾಟೆ. ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳಲ್ಲಿ ಕೆಲವರು ಇವತ್ತೂ ಶಾಲೆಗೆ ಬರಲಿಲ್ಲ. ಬಂದವರನ್ನು ಜಗಲಿಯಲ್ಲಿ ಕೂರಿಸಿ, ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, ಒಂದು ತುದಿಗೆ 0, ಇನ್ನೊಂದಕ್ಕೆ 100 ಎಂಬ ಚೀಟಿ ಸಿಕ್ಕಿಸಿದೆ. ನಡುವೆ ಯಾವ ಗುರುತೂ ಇಲ್ಲ.

ಎರಡನೇ ತರಗತಿಯ ಹುಡುಗಿಯೊಬ್ಬಳು ನೂರರವರೆಗೆ ಎಲ್ಲೂ ತಡೆಯದೆ ಒಪ್ಪಿಸುತ್ತಾಳೆ. 10 ಎಲ್ಲಿ ಬರುತ್ತದೆ ಎಂದರೆ ಹೆಚ್ಚುಕಡಿಮೆ ಹಗ್ಗದ ನಡುವಿಗೇ ಕ್ಲಿಪ್ ಹಾಕಿದಳು. 50, 80, 90 ಎಲ್ಲವೂ ಬಲತುದಿಯಲ್ಲಿ ಒತ್ತೊತ್ತಾಗಿ ಕೂತವು. ಮಗ್ಗಿಯಲ್ಲಿ ಸದಾ ತಡವರಿಸುವ ಹುಡುಗನೊಬ್ಬ 50 ಹುಡುಕಲು ಹಗ್ಗವನ್ನೇ ಬಿಚ್ಚಿದ. ಎರಡೂ ತುದಿ ಕೂಡಿಸಿ, ಮಡಿಕೆ ಬಿದ್ದಲ್ಲಿ ಕ್ಲಿಪ್ ಸಿಕ್ಕಿಸಿದ. 25 ಎಂದಾಗ ಇನ್ನೊಮ್ಮೆ ಮಡಿಚಿದ! ಅವನನ್ನು ಲೆಕ್ಕದಲ್ಲಿ ಹಿಂದುಳಿದವನೆನ್ನಲು ನನಗೆ ಬಾಯಿ ಬರುವುದಿಲ್ಲ.

ಹುಡುಗಿಯದೂ ದಡ್ಡತನವಲ್ಲ. ಚಿಕ್ಕ ಸಂಖ್ಯೆಗಳನ್ನು ದೂರದೂರ, ದೊಡ್ಡವನ್ನು ಇಕ್ಕಟ್ಟಾಗಿ ಕಾಣುವುದು ಎಳೆಯ ಮಕ್ಕಳಲ್ಲಿ ಸಹಜವೆಂದು ಮನೋವಿಜ್ಞಾನಿಗಳಾದ ರಾಬರ್ಟ್ ಸೀಗ್ಲರ್ ಮತ್ತು ಜಾನ್ ಆಪ್ಫರ್ 2003ರಲ್ಲೇ ತೋರಿಸಿದ್ದಾರೆ. ಬೆಳೆಯುತ್ತಾ ಅಂತರಗಳು ಸಮವಾಗುತ್ತವೆ. ಎಲಿಜಬೆತ್ ಗಂಡರ್ಸನ್ ತಂಡದ 2012ರ ಅಧ್ಯಯನದಲ್ಲಿ, 5ನೇ ವಯಸ್ಸಿಗೆ ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸಿ ಜೋಡಿಸಬಲ್ಲ ಮಕ್ಕಳು 8ನೇ ವಯಸ್ಸಿಗೆ ಅಂದಾಜು ಲೆಕ್ಕದಲ್ಲಿ ಮುಂದಿದ್ದರು. ಎರಡನ್ನೂ ಬೆಸೆದ ಕೊಂಡಿ ಈ ಸಂಖ್ಯಾರೇಖೆಯ, ಅಂದರೆ ನೇರ ಗೆರೆಯ ಮೇಲೆ ಯಾವ ಸಂಖ್ಯೆ ಎಲ್ಲಿ ಬರುತ್ತದೆ ಎಂಬುದರ, ತಿಳಿವಳಿಕೆಯೇ. ಪೋಷಕರು ಮಾತ್ರ ಕೇಳುವುದು ಮಗ್ಗಿ ಎಷ್ಟರವರೆಗೆ ಬಂತು ಎಂದು.

ಹಾಗೆಂದು ಆಕೃತಿ ತಿರುಗಿಸುವ ಆಟವೊಂದರಿಂದಲೇ ಲೆಕ್ಕ ಬಂದೀತೇ? 2014ರ ಒಂದು ಪ್ರಯೋಗದಲ್ಲಿ ಕೇವಲ 40 ನಿಮಿಷದ ಅಂಥ ಅಭ್ಯಾಸದ ನಂತರ, 4ಕ್ಕೆ ಎಷ್ಟು ಕೂಡಿಸಿದರೆ 11 ಎಂಬ ಬಗೆಯ ಲೆಕ್ಕಗಳು ಸುಧಾರಿಸಿದ್ದವು. ಮರುವರ್ಷದ ಇನ್ನೊಂದು ಪ್ರಯೋಗದಲ್ಲಿ ಆ ಫಲ ಸಿಗಲಿಲ್ಲ. ಆದ್ದರಿಂದ ಸಂಖ್ಯೆಯೂ ಜಾಗವೂ ಕೂಡಿಬರುವ ಆಟದ ಮೇಲೇ ನನಗೆ ಹೆಚ್ಚು ನಂಬಿಕೆ.

ಚೌಕಾಬಾರ ಆಡಿಸೋಣವೆಂದರೆ ಅದರ ದಾರಿ ಸುತ್ತಿ ಸುತ್ತಿ ಒಳಗೆ ಹೋಗುತ್ತದೆ. ಸೀಗ್ಲರ್ ಮತ್ತು ಸಂಶೋಧಕಿ ಗೀತಾ ರಮಣಿ ಹೋಲಿಸಿ ನೋಡಿದಾಗ, ದುಂಡಗಿನ ಹಲಗೆಗಿಂತ ನೇರ ಸಾಲಿನ ಹಲಗೆಯಲ್ಲಿ ಆಡಿದ ಪುಟಾಣಿಗಳೇ ಹೆಚ್ಚು ಕಲಿತಿದ್ದರು. ಅದಕ್ಕೇ ಸಂಜೆ ಮಕ್ಕಳು ಹೋದ ಮೇಲೆ ಒಂದನೇ ತರಗತಿಯವರಿಗಾಗಿ ಜಗಲಿಯುದ್ದಕ್ಕೂ 1ರಿಂದ 10ರವರೆಗೆ ನೆಟ್ಟಗೆ ಮನೆಗಳನ್ನು ಬರೆದಿಟ್ಟೆ. ಕವಡೆ ಹೇಗೂ ಇವೆ. 5ರ ಮನೆಯಲ್ಲಿ ನಿಂತವರಿಗೆ 2 ಬಿದ್ದರೆ "ಒಂದು, ಎರಡು" ಎನ್ನುವಂತಿಲ್ಲ. "ಆರು, ಏಳು" ಎನ್ನುತ್ತಲೇ ಹೆಜ್ಜೆ ಇಡಬೇಕು. ಈ ನಿಯಮದಲ್ಲಿ ಮಾತ್ರ ನಾಳೆ ಯಾರಿಗೂ ರಿಯಾಯಿತಿ ಇಲ್ಲ.