ಬಡ್ತಿ ಬೇಡ ಅಂದ ಸಿಪಾಯಿ

ಜಪಾನಿ ಸಿನಿಮಾ ಅಂದ್ರೆ ನಾವು ಕುರೊಸಾವಾ, ಓಝು ಅಂತೀವಿ, ನಿರ್ದೇಶಕ ಕೊಬಾಯಾಶಿ ಮಸಾಕಿ ಹೆಸರು ಬರೋದೇ ಇಲ್ಲ. 1941ರಲ್ಲಿ ಶೋಚಿಕು ಸ್ಟುಡಿಯೋ ಸೇರಿದ ಇವರನ್ನು ಕೆಲವೇ ತಿಂಗಳಲ್ಲಿ ಸೇನೆಗೆ ಎಳೆದುಕೊಂಡು ಚೀನಾದ ಈಶಾನ್ಯದ ಮಂಚೂರಿಯಾಕ್ಕೆ ಕಳಿಸಿದರು. ಯುದ್ಧ ತಪ್ಪು ಅಂತ ಗೊತ್ತಿತ್ತು, ತಪ್ಪಿಸಿಕೊಳ್ಳೋ ದಾರಿ ಇರಲಿಲ್ಲ, ಹಾಗಾಗಿ ಬಡ್ತಿ ಬೇಡ ಅಂದು ಸಾದಾ ಸಿಪಾಯಿಯಾಗೇ ಉಳಿದರು. ಎಂಥಾ ಗಟ್ಟಿ ಮನಸ್ಸು ಅಲ್ವಾ!

ಆ ಸಂಕಟವೆಲ್ಲ ಅವರ ‘ದಿ ಹ್ಯೂಮನ್ ಕಂಡಿಷನ್’ ಸಿನಿಮಾದಲ್ಲಿದೆ. 1959ರಿಂದ 1961ರವರೆಗೆ ಮೂರು ಭಾಗ, ಒಟ್ಟು ಒಂಬತ್ತು ಗಂಟೆಗೂ ಜಾಸ್ತಿ. ಗಣಿಯ ಚೀನೀ ಕೈದಿಗಳ ತಲೆ ಕಡಿಯುವಾಗ ಅಲ್ಲಿನ ಜಪಾನಿ ಮೇಲ್ವಿಚಾರಕ, ಕಥಾನಾಯಕ ಕಾಜಿ ಮೊದಲು ಸುಮ್ನೆ ನಿಂತಿರ್ತಾನೆ. ಕಾಜಿ ಪಾತ್ರ ಮಾಡಿದ ನಟ ನಕಾಡೈ ಮುಖ ನೋಡಬೇಕು ಆಗ. ಆಮೇಲೆ ಸಹಿಸಲಾರದೆ ಅದನ್ನು ನಿಲ್ಲಿಸೋಕೆ ಮುಂದೆ ಬರ್ತಾನೆ. ಇಷ್ಟು ತಡವಾಗಿ ಯಾಕೆ ಬಂದೆ ಅಂತ ನನಗೆ ಅವನ ಮೇಲೆ ಸಿಟ್ಟೂ ಬಂತು, ನಾನಾಗಿದ್ರೆ ಅಷ್ಟಾದರೂ ಮಾಡ್ತಿದ್ನಾ ಅಂತಲೂ ಅನ್ನಿಸ್ತು. ಮೊದಲ ಭಾಗವನ್ನಾದರೂ ನೋಡಿ.