ಬೆಂಗಳೂರಲ್ಲಿ ಡ್ರೈ ಆ್ಯಪಲ್ ವೈನ್ ಟೇಸ್ಟ್ ಮಾಡೋಕೆ ಬರೋರಿಗೆ, ಊಟದ ಸಮೇತ

ಮೈಸೂರು, ದಾವಣಗೆರೆ, ಹುಬ್ಬಳ್ಳಿ ಕಡೆಯಿಂದ ವೀಕೆಂಡಿಗೆ ಬರೋರು ಈ ಪ್ಲಾನ್ ಹಾಕ್ತಿದ್ರೆ ಸಂಜೆಗೆ ಇಟ್ಕೋಬೇಡಿ, ಮಧ್ಯಾಹ್ನ ಊಟಕ್ಕೇ ಇಟ್ಕೊಳ್ಳಿ. ಶನಿವಾರ ಸಂಜೆ ಇಂದಿರಾನಗರದಲ್ಲಿ ಟೇಬಲ್ ಸಿಗೋದೇ ಕಷ್ಟ, ಸಿಕ್ಕರೂ ಆ ಮ್ಯೂಸಿಕ್ ಸದ್ದಲ್ಲಿ ಏನ್ ಕುಡೀತಿದೀವಿ ಅಂತಾನೇ ಗೊತ್ತಾಗಲ್ಲ. ಕಾರು ಬೇಡವೇ ಬೇಡ. ಮೆಜೆಸ್ಟಿಕ್ಕಲ್ಲಿ ಇಳಿದು ನೇರಳೆ ಮೆಟ್ರೋ ಹತ್ತಿದ್ರೆ ಸೀದಾ ಇಂದಿರಾನಗರ.

ನಾವು ಗೆಳೆಯರು ಹೋಗಿದ್ದು ಹಾಗೇ. ಮೈಕ್ರೋಬ್ರೂವರಿಗಳಲ್ಲಿ ಕೆಲವು ಕಡೆ ಸೈಡರ್, ಅಂದ್ರೆ ಸೇಬಿನ ರಸ ಹುದುಗಿಸಿದ್ದು, ಟ್ಯಾಪಲ್ಲೇ ಸಿಗುತ್ತೆ, ಆದ್ರೆ ಬಹಳಷ್ಟು ಸಿಹಿ ಇರುತ್ತೆ, ಹಾಗಾಗಿ ಫುಲ್ ಗ್ಲಾಸ್ ಹೇಳೋ ಮೊದಲು ಸ್ಯಾಂಪಲ್ ಕೇಳಿ. ಸಿಹಿ ನಾಲಿಗೆ ಮೇಲೆ ಅಂಟಿಕೊಂಡು ಕೂತ್ರೆ ಅದು ಊಟದ ಜೊತೆಗಲ್ಲ. ಡ್ರೈ ಅಂದ್ರೆ ಸೇಬಿನ ಸಕ್ಕರೇನೆಲ್ಲ ಯೀಸ್ಟ್ ತಿಂದು ಮುಗಿಸಿರಬೇಕು, ಉಳಿಯೋದು ಹಣ್ಣಿನ ವಾಸನೆ, ಮ್ಯಾಲಿಕ್ ಆ್ಯಸಿಡ್‌ನ ಹುಳಿ, ಸಿಪ್ಪೆಯ ಒಂಚೂರು ಒಗರು ಅಷ್ಟೇ. ಬಾಟ್ಲಿ ಕೊಳ್ಳೋದಾದ್ರೆ ಲೇಬಲ್ ಪೂರ್ತಿ ಓದಿ, ಪುಣೆಯ ಮೂನ್‌ಶೈನ್ ಮೀಡರಿಯ ಆ್ಯಪಲ್ ಸೈಡರ್ ಮೀಡ್ ಥರದ್ದರಲ್ಲಿ ಜೇನೂ ಸೇರಿರುತ್ತೆ, ಅದರ ರುಚಿಯೇ ಬೇರೆ ದಾರಿ. ಸೈಡರಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ 5ರಿಂದ 8 ಪರ್ಸೆಂಟ್, ಮೇಲೆ ಸಕ್ಕರೆ ಹಾಕಿ ಹುದುಗಿಸಿದ ಆ್ಯಪಲ್ ವೈನ್ 10 ದಾಟುತ್ತೆ, ಆ ನಂಬರ್ ನೋಡ್ಕೊಂಡೇ ಸುರ್ಕೊಳ್ಳಿ.

ಇನ್ನು ಊಟ, ನಿಜವಾದ ಖುಷಿ ಇರೋದು ಇಲ್ಲೇ. ಕೊಡವರ ಊಟ ಸಿಗೋ ಹೋಟೆಲ್ ಹುಡುಕಿ, ವೈನ್ ಲೈಸೆನ್ಸ್ ಇದೆಯಾ ಅಂತ ಫೋನ್ ಮಾಡಿ ಕೇಳ್ಕೊಂಡು ಹೋಗಿ, ಇಲ್ಲಾಂದ್ರೆ ಪಂದಿ ಕರಿ (ಹಂದಿ ಮಾಂಸದ್ದು), ಕಡಂಬುಟ್ಟು (ಅಕ್ಕಿ ತರಿ ಉಂಡೆ) ಪಾರ್ಸಲ್ ಕಟ್ಟಿಸ್ಕೊಂಡು ರೂಮಿಗೆ ಬನ್ನಿ. ಕೊಬ್ಬಿರೋ ಒಂದು ತುಂಡು, ಅದಕ್ಕಂಟಿರೋ ಕಪ್ಪು ಮಸಾಲೆ, ಕೊಡಗಿನ ಕಪ್ಪು ವಿನೆಗರ್ ಕಾಚಂಪುಳಿಯ ಹುಳಿ, ಬಾಯಲ್ಲಿ ಜಿಡ್ಡು ಇನ್ನೂ ಇರೋವಾಗ್ಲೇ ಒಂದು ಗುಟುಕು ತಗೊಂಡ್ರೆ ನಾಲಿಗೆ ಪೂರ್ತಿ ಕ್ಲೀನು, ಮುಂದಿನ ತುತ್ತು ಮತ್ತೆ ಮೊದಲನೇ ತುತ್ತಿನಷ್ಟೇ ಚೆನ್ನಾಗಿರುತ್ತೆ. ಊಟದಲ್ಲಿ ಹುಳಿ ಇದ್ದಾಗ ವೈನಲ್ಲೂ ಅಷ್ಟೇ ಹುಳಿ ಇರ್ಬೇಕು, ಇಲ್ಲಾಂದ್ರೆ ನೀರು ಕುಡಿದಂಗಾಗುತ್ತೆ. ಬಂಗುಡೆ ರವಾ ಫ್ರೈಗೂ ಸೂಪರ್. ಚಿಕನ್ ಘೀ ರೋಸ್ಟಿಗೆ ನಾನು ಬೇಡ ಅಂತೀನಿ, ಬ್ಯಾಡಗಿ ಮೆಣಸಿನಕಾಯಿ ಅಷ್ಟು ಬಿದ್ದ ಮೇಲೆ ಸೇಬಿನ ವಾಸನೆ ಎಲ್ಲಿ ಉಳಿಯುತ್ತೆ. ಮೈಸೂರ್ ಪಾಕ್, ಹೋಳಿಗೆ ಜೊತೆ ಮಾತ್ರ ದಯವಿಟ್ಟು ಬೇಡ, ವೈನ್ ಬರೀ ಹುಳಿ ನೀರಾಗುತ್ತೆ.

ಸಸ್ಯಾಹಾರಿಗಳಿಗೆ ಅಯ್ಯಂಗಾರ್ ಬೇಕರಿ ಇದೆಯಲ್ಲ. ಹಸಿರು ಮೆಟ್ರೋಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿಗೆ ಬಂದು ವಿ.ವಿ. ಪುರಂ ಕಡೆ ನಡೀರಿ, ಕಾಂಗ್ರೆಸ್ ಕಡಲೆಬೀಜ, ನಿಪ್ಪಟ್ಟು, ಕೋಡುಬಳೆ ಕಟ್ಟಿಸ್ಕೊಳ್ಳಿ. ಉಪ್ಪು, ಎಣ್ಣೆ, ಇಂಗು, ಡ್ರೈ ಸೈಡರಿಗೆ ಇದಕ್ಕಿಂತ ಒಳ್ಳೆ ಜೋಡಿ ಈ ಊರಲ್ಲಿ ನಾನಂತೂ ಕಂಡಿಲ್ಲ.

ಸಂಜೆ ಗೆಳೆಯನ ಮನೇಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಪ್‌ಫೆಲ್‌ವೈನ್, ಅಂದ್ರೆ ಅಲ್ಲಿನ ಆ್ಯಪಲ್ ವೈನ್ ಇತ್ತು, ಆಫೀಸ್ ಕೆಲಸಕ್ಕೆ ಹೋಗಿದ್ದಾಗ ತಂದಿದ್ದು. ನಿಮ್ಮವರು ಯಾರಾದ್ರೂ ಆ ಕಡೆ ಹೋಗ್ತಿದ್ರೆ ಖಂಡಿತ ತರೋಕೆ ಹೇಳಿ, ಸುಂಕ ಇಲ್ದೆ ತಲೆಗೆ 2 ಲೀಟರ್ ಮದ್ಯ ತರಬಹುದು. ಅಲ್ಲಿ ಝಾಕ್ಸನ್‌ಹೌಸನ್ ಅನ್ನೋ ಏರಿಯಾದಲ್ಲಿ ಇದನ್ನ ಬೂದುಬಣ್ಣದ ಪಿಂಗಾಣಿ ಹೂಜಿಯಿಂದ ಸುರೀತಾರೆ, ಜೊತೆಗೆ ಹಸಿ ಈರುಳ್ಳಿ ಹಾಕಿದ ಘಾಟು ಚೀಸು, 7 ಸೊಪ್ಪಿನ ಹಸಿರು ಸಾಸು. ಹುಳಿ ಜಾಸ್ತಿ ಅನ್ಸಿದ್ರೆ ಅವರ ಥರಾನೇ ಸೋಡಾ ಬೆರೆಸಿ, ತಪ್ಪೇನಿಲ್ಲ. ನಮ್ಮಲ್ಲಿ ಅಕ್ಕಿ ರೊಟ್ಟಿ, ಬೆಣ್ಣೆ, ಸಬ್ಬಸಿಗೆ ಪಲ್ಯದ ಜೊತೆ ಅದು ಎಷ್ಟು ಚೆನ್ನಾಗಿ ಹೋಯ್ತು ಅಂದ್ರೆ ಬಾಟ್ಲಿ ಖಾಲಿಯಾಗಿದ್ದೇ ಗೊತ್ತಾಗ್ಲಿಲ್ಲ. ಕುಡಿಯೋ 15-20 ನಿಮಿಷ ಮೊದಲು ಫ್ರಿಜ್ಜಿಂದ ಆಚೆ ಇಡಿ, ತೀರಾ ತಣ್ಣಗಿದ್ರೆ ವಾಸನೆ ಏಳಲ್ಲ.

21 ತುಂಬಿರೋದಕ್ಕೆ ಐಡಿ ಜೇಬಲ್ಲಿರ್ಲಿ. ಅಕ್ಟೋಬರ್ 2ರಂದೂ, ಚುನಾವಣೆ ಇದ್ರೆ ಮತದಾನ ಮುಗಿಯೋಕೆ ಮುಂಚಿನ 48 ಗಂಟೆಯಲ್ಲೂ ಎಲ್ಲೂ ಏನೂ ಸಿಗಲ್ಲ, ಟಿಕೆಟ್ ಬುಕ್ ಮಾಡೋ ಮೊದಲು ತಾರೀಖು ನೋಡ್ಕೊಳ್ಳಿ. ಬೈಕಲ್ಲೇ ಬರ್ತೀವಿ ಅನ್ನೋರಿಗೆ, 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ 30 ಮಿ.ಗ್ರಾಂ ದಾಟಿದ್ರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೈಲೂ ಆಗಬಹುದು. ಆಟೋ ಹಿಡೀರಿ.