ಕಾಡಾಗಬಲ್ಲ ನೆಲ

ಮಲೆನಾಡಿನಲ್ಲಿ ಸಣ್ಣದೊಂದು ಕಾಡು ಕೊಂಡು, ಅದರ ಅಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡು, ವರ್ಷದಲ್ಲಿ ಕೆಲವು ತಿಂಗಳಾದರೂ ನೆಮ್ಮದಿಯಾಗಿರಬೇಕು ಎಂಬ ಆಸೆಯನ್ನು ಬೆಂಗಳೂರಿನ ಅನೇಕ ಗೆಳೆಯರು ನನ್ನೊಡನೆ ಹೇಳಿಕೊಳ್ಳುತ್ತಾರೆ. ಸಾಗರ ಮತ್ತು ಸಿದ್ದಾಪುರ ತಾಲ್ಲೂಕುಗಳ ಗಡಿಯ ಹಳ್ಳಿಯೊಂದರಲ್ಲಿ ನಾನೂ ನನ್ನ ಪತ್ನಿಯೂ ನಾಲ್ಕು ಎಕರೆಗಿಂತ ತುಸು ಹೆಚ್ಚಿನ ಜಾಗ ಕೊಂಡು ಕೆಲವು ವರ್ಷಗಳಾಗಿರುವುದರಿಂದ, ಹೇಗೆ ಹುಡುಕಬೇಕು, ಏನನ್ನು ನೋಡಬೇಕು ಎಂದು ಅವರು ಕೇಳುವುದು ಸಹಜವೇ ಆಗಿದೆ. ನಾನು ಅವರಿಗೆಲ್ಲ ಕೊಡುವ ಸಲಹೆ ಒಂದೇ: ಬೆಳೆದು ನಿಂತ ಕಾಡನ್ನು ಹುಡುಕಬೇಡಿ, ಹಿಂದೆ ಕಾಡಾಗಿದ್ದು, ಆಮೇಲೆ ಸಾಗುವಳಿಗೆ ಬಂದು, ಈಗ ಪಾಳುಬಿದ್ದಿರುವ, ದಾಖಲೆ ಚೊಕ್ಕವಾಗಿರುವ ಹಿಡುವಳಿ ಜಮೀನನ್ನು ಹುಡುಕಿ. ಕಾಡು ಅಲ್ಲಿಗೆ ತಾನಾಗಿಯೇ ಬರುತ್ತದೆ.

ಹೀಗೆ ಹೇಳಲು ಮೊದಲ ಕಾರಣ ಕಾನೂನಿನದು. ಮಲೆನಾಡಿನಲ್ಲಿ 'ಇದು ನಮ್ಮದು' ಎಂದು ಮನೆಯವರು ತೋರಿಸುವ ಕಾಡಿನ ಬಹುಭಾಗ ಅವರ ಅನುಭವದಲ್ಲಿರುತ್ತದೆಯೇ ಹೊರತು ಅವರ ಒಡೆತನದಲ್ಲಿರುವುದಿಲ್ಲ. ಉತ್ತರ ಕನ್ನಡದಲ್ಲಿ ಅಡಿಕೆ ತೋಟದ ಪ್ರತಿ ಎಕರೆಗೆ ಒಂಬತ್ತು ಎಕರೆಯವರೆಗೆ ಬಿಟ್ಟುಕೊಟ್ಟಿರುವ ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು, ದರಕು (ಉದುರಿದ ಒಣ ಎಲೆ), ಉರುವಲು ತರುವ ಹಕ್ಕು ತೋಟದವರಿಗಿದೆ, ನೆಲ ಸರ್ಕಾರದ್ದು. ದಕ್ಷಿಣ ಕನ್ನಡದ ಕುಮ್ಕಿ ಜಾಗವೂ (ಪಟ್ಟಾ ಜಮೀನಿನ ಪಕ್ಕದ ಸರ್ಕಾರಿ ನೆಲ), ಸೊರಬ ಸಾಗರಗಳ ಕಡೆಯ ಕಾನುಗಳೂ (ಊರಿನವರು ಹಿಂದಿನಿಂದ ಕಾಯ್ದುಕೊಂಡ ನಿತ್ಯಹಸಿರು ಕಾಡು) ಬಹುಮಟ್ಟಿಗೆ ಇದೇ ಬಗೆಯವು. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿಯೇ ವರದಿ ಬರೆದರು. ಕಾನಿನ ಮೇಲೆ ಊರಿಗಿರುವ ಹಕ್ಕೆಷ್ಟು, ಸರ್ಕಾರಕ್ಕಿರುವ ಹಕ್ಕೆಷ್ಟು ಎಂಬ ಪ್ರಶ್ನೆ ಅಷ್ಟು ಹಳೆಯದು. ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡಂತೆ ಕೊಟ್ಟ ಮರಗಳಿರುವ ಬಾಣೆ ಜಮೀನಿನ ಕಥೆ ಇನ್ನೂ ಜಟಿಲ. ಅಲ್ಲಿ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿರುವ ಜಮೀನು ಬೇರೆ, ಬಿಡಿಸಿಕೊಳ್ಳದ ಜಮೀನು ಬೇರೆ. ದಟ್ಟವಾದ ಮರಗಳನ್ನು ಕಂಡು ಮನಸೋತು ಮುಂಗಡ ಕೊಟ್ಟುಬಿಡುವವರು ಕ್ರಯಪತ್ರದಲ್ಲಿ ಆ ಮರಗಳ ನೆಲ ಸೇರಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಪಹಣಿಯಲ್ಲಿರುವ ವಿಸ್ತೀರ್ಣವೂ ದಲ್ಲಾಳಿ ಕೈ ಬೀಸಿ ತೋರಿಸುವ ವಿಸ್ತೀರ್ಣವೂ ಒಂದೇ ಆಗಿರುವುದು ಅಪರೂಪ.

2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಅದರಿಂದ ನಮ್ಮಂಥವರಿಗೆ ಬಾಗಿಲು ತೆರೆಯಿತೆಂಬುದು ನಿಜ. ಊರಿನ ಜಮೀನು ಊರಿನವರ ಕೈಗೆಟುಕದ ಬೆಲೆಗೆ ಏರುತ್ತಿದೆಯೆಂಬುದೂ ಅಷ್ಟೇ ನಿಜ, ಮತ್ತು ಕೊಳ್ಳುವವನು ಈ ಎರಡನೆಯ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಳ್ಳಿಗೆ ಕಾಲಿಡಬೇಕೆಂದು ನಾನು ನಂಬಿದ್ದೇನೆ. ಆದರೆ ಆ ಬಾಗಿಲಿನ ಆಚೆ ಇನ್ನೂ ಹಲವು ಕಾಯ್ದೆಗಳಿವೆ. ಜಮೀನು ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರಾದದ್ದಾಗಿದ್ದರೆ, 1978ರ ಪರಭಾರೆ ನಿಷೇಧ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ, ನಿಲ್ಲಲೂ ಕೂಡದು. ಬಗರ್‌ಹುಕುಂನಲ್ಲಿ (ಸರ್ಕಾರಿ ನೆಲದ ಅನಧಿಕೃತ ಸಾಗುವಳಿಯ ಸಕ್ರಮ) ಮಂಜೂರಾದ ಜಮೀನಿಗೂ ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತಿರುತ್ತದೆ. ಆದ್ದರಿಂದ ಮೂಲ ಮಂಜೂರಾತಿ, ಮ್ಯುಟೇಶನ್ ಸರಣಿ (ಹಕ್ಕು ಬದಲಾವಣೆಯ ದಾಖಲೆಗಳು), ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ಸರ್ವೆ ದಾಖಲೆ), ಋಣಭಾರ ಪತ್ರ, ಭಾಗಶಃ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ, ಇವಿಷ್ಟನ್ನೂ ಮಲೆನಾಡಿನ ಜಮೀನು ವ್ಯವಹಾರ ತಿಳಿದ ವಕೀಲರಿಂದ ಓದಿಸದೆ ಹಣ ಕೊಡಬಾರದು. ಬಿ ಖರಾಬು ಎಂದು ನಮೂದಾಗಿರುವ ಹಳ್ಳವೋ ದಾರಿಯೋ ಜಮೀನಿನ ನಡುವೆ ಇದ್ದರೆ ಅದು ಸಾರ್ವಜನಿಕರದೆಂಬುದನ್ನು ಒಪ್ಪಿಕೊಂಡೇ ಕೊಳ್ಳಬೇಕು.

ಅರಣ್ಯದ ಪ್ರಶ್ನೆ ಬರುವುದು ಇದಾದ ಮೇಲೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದಂತೆ, ನಿಘಂಟಿನ ಅರ್ಥದಲ್ಲಿ ಅರಣ್ಯವೆನಿಸುವ ಪ್ರದೇಶ ಯಾರ ಒಡೆತನದಲ್ಲಿದ್ದರೂ ಅದಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ ಪರಿಭಾವಿತ ಅರಣ್ಯವೆಂದು (ಡೀಮ್ಡ್ ಫಾರೆಸ್ಟ್, ಅಧಿಸೂಚನೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ನೆಲ) ಮೊದಲು ಸುಮಾರು 9.94 ಲಕ್ಷ ಹೆಕ್ಟೇರನ್ನು ಗುರುತಿಸಿದ್ದರು. 2022ರಲ್ಲಿ ಅದನ್ನು ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಲಾಯಿತು. ನೀವು ನೋಡಿದ ಸರ್ವೆ ನಂಬರು ಈ ಪಟ್ಟಿಯಲ್ಲಿ ಇದೆಯೇ ಎಂದು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅರ್ಜಿ ಕೊಟ್ಟು, ಲಿಖಿತ ಹಿಂಬರಹವನ್ನೇ ಪಡೆಯಬೇಕು. ಬಾಯಿಮಾತಿನ ಭರವಸೆ ಇಲ್ಲಿ ಪ್ರಯೋಜನಕ್ಕೆ ಬಾರದು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈ 31ರಂದು ಆರನೆಯ ಬಾರಿ ಹೊರಬಂದಾಗ ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿತ್ತು. ಗಣಿಗಾರಿಕೆ, ಕಲ್ಲು ಕ್ವಾರಿ, ಹೆಚ್ಚು ಮಾಲಿನ್ಯದ ಕೆಂಪು ವರ್ಗದ ಕೈಗಾರಿಕೆ, ಭಾರೀ ಕಟ್ಟಡಗಳನ್ನು ತಡೆಯಲು ಹೊರಟಿರುವ ಆ ಕರಡಿನ ಬಗ್ಗೆ ಊರುಗಳಲ್ಲಿ ಆತಂಕವಿರುವುದು ನನಗೆ ಗೊತ್ತು, ಆ ಆತಂಕಕ್ಕೆ ಸರಿಯಾದ ಉತ್ತರವನ್ನು ಸರ್ಕಾರ ಊರೂರಿಗೆ ಹೋಗಿ ಕೊಡಬೇಕಿತ್ತು. ಆದರೂ ಕಾಡಿಗಾಗಿಯೇ ನೆಲ ಕೊಳ್ಳುವವನಿಗೆ ಅಂತಹ ಪಟ್ಟಿಯಲ್ಲಿ ತನ್ನ ಹಳ್ಳಿಯ ಹೆಸರಿರುವುದು ಸಮಾಧಾನದ ಸಂಗತಿಯೇ.

ಇನ್ನು ನೆಲದ ವಿಷಯ. ನಮಗೆ ಸಿಕ್ಕಿದ್ದು ಮೂರು ಭಾಗದ ಜಾಗ: ಕೆಳಗೆ ಹಳ್ಳದ ಬದಿಯಲ್ಲಿ ನಾಟಿ ಬಿಟ್ಟ ಎರಡು ಗದ್ದೆ, ನಡುವೆ ಶುಂಠಿ ಬೆಳೆದು ಬಿಟ್ಟ ಹಕ್ಕಲು (ಒಣಭೂಮಿ), ಮೇಲೆ ಪ್ರತಿವರ್ಷ ಬೆಂಕಿ ಬಿದ್ದು ಕೌಲು ಮರಗಳಷ್ಟೇ ಉಳಿದಿದ್ದ ಬೇಣ (ಹುಲ್ಲುಗಾವಲು). ಮಾರಿದ ಹಿರಿಯರು 'ಇಲ್ಲಿ ಏನೂ ಇಲ್ಲ' ಎಂದೇ ಹೇಳಿದ್ದರು. ಆದರೆ ಹಕ್ಕಲಿನಲ್ಲಿ ಬಗ್ಗಿ ನೋಡಿದರೆ, ಕಡಿದ ಮತ್ತಿ, ಹೊನ್ನೆ, ನಂದಿಗಳ ಬೊಡ್ಡೆಗಳಿಂದ ಚಿಗುರು ಏಳುತ್ತಲೇ ಇತ್ತು. ದನ ಅದನ್ನು ತಿನ್ನುತ್ತಿತ್ತು, ಉಳಿದದ್ದನ್ನು ಬೇಸಿಗೆಯ ಬೆಂಕಿ ಸುಡುತ್ತಿತ್ತು. ನೆಲದೊಳಗೆ ಬೇರು ಜೀವಂತವಾಗಿರುವ ಇಂತಹ ಜಾಗದಲ್ಲಿ ಗಿಡ ನೆಡುವ ಅಗತ್ಯವೇ ಕಡಿಮೆ. ಒಂದು ಬೊಡ್ಡೆಯಿಂದ ಹತ್ತಾರು ಚಿಗುರು ಬಂದಿದ್ದರೆ ನೆಟ್ಟಗಿರುವ ಒಂದೆರಡನ್ನು ಉಳಿಸಿ ಮಿಕ್ಕದ್ದನ್ನು ಸವರಿದರೆ ಸಾಕು. ಹಳೆಯ ಬೇರಿನ ಬಲವೆಲ್ಲ ಅದಕ್ಕೇ ಹೋಗಿ, ನರ್ಸರಿಯಿಂದ ತಂದ ಸಸಿ ಮೊಣಕಾಲೆತ್ತರ ಬರುವಷ್ಟರಲ್ಲಿ ಅದು ಆಳೆತ್ತರ ದಾಟಿರುತ್ತದೆ.

ಗದ್ದೆಯ ಕಡೆ ಬಂದದ್ದು ಬೇರೆಯೇ ಬಗೆಯ ಗಿಡಗಳು. ಮೊದಲು ಚಂದಕಲು ಎದ್ದಿತು. ಬೇಗ ಬೆಳೆದು ಅಗಲವಾದ ಎಲೆಗಳಿಂದ ನೆರಳು ಕೊಡುವ ಈ ಮರವನ್ನು ಊರಿನಲ್ಲಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಅದರ ನೆರಳಿನಲ್ಲಿಯೇ ನೇರಳೆ, ದಾಲ್ಚಿನ್ನಿ, ಉಪ್ಪಾಗೆ, ಹೆಬ್ಬಲಸುಗಳ ಸಸಿಗಳು ತಲೆಯೆತ್ತಿದವು. ಇವುಗಳ ಬೀಜವನ್ನು ನಾವು ಬಿತ್ತಿದ್ದಲ್ಲ. ಮೇಲಿನ ಸರ್ಕಾರಿ ಕಾನಿನಿಂದ ಕುಟ್ರುಹಕ್ಕಿ, ಪಿಕಳಾರ, ಮಂಗಟ್ಟೆ, ಬಾವಲಿಗಳು ಹಣ್ಣು ತಿಂದು ತಂದು ಹಾಕಿದ್ದು. ಆದ್ದರಿಂದಲೇ ಜಾಗ ನೋಡುವಾಗ ನಾನು ಜಮೀನಿನೊಳಗಿನ ಮರಗಳಿಗಿಂತ ಹೆಚ್ಚಾಗಿ ಪಕ್ಕದಲ್ಲಿ ಏನಿದೆ ಎಂದು ನೋಡಲು ಹೇಳುತ್ತೇನೆ. ಹಕ್ಕಿ ಹಾರಿಬರುವಷ್ಟು ದೂರದಲ್ಲಿ ಹಳೆಯ ಕಾನೋ ದೇವರಕಾಡೋ ಇದ್ದರೆ ನಿಮ್ಮ ಬೋಳು ಹಕ್ಕಲಿಗೂ ಭವಿಷ್ಯವಿದೆ. ಸುತ್ತಲೂ ಅಕೇಶಿಯಾ ನೆಡುತೋಪು ಮಾತ್ರ ಇದ್ದರೆ, ಬೀಜವನ್ನೂ ಸಸಿಯನ್ನೂ ನೀವೇ ಹೊತ್ತು ತರಬೇಕಾಗುತ್ತದೆ. ರಾಮಪತ್ರೆಯಂತಹ ಕೆಲವು ಮರಗಳಿಗಂತೂ ನೆರಳು, ತೇವ, ಹತ್ತಿರದ ತಾಯಿಮರ, ದೊಡ್ಡ ಬೀಜವನ್ನು ನುಂಗಬಲ್ಲ ಹಕ್ಕಿ, ಎಲ್ಲವೂ ಬೇಕು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನು (ಜೌಗುಕಾಡನ್ನು) ಒಮ್ಮೆ ನೋಡಿದವರಿಗೆ, ಕೆಲವು ಕಾಡುಗಳನ್ನು ಯಾರೂ ಮತ್ತೆ ಮಾಡಲಾರರು, ಇದ್ದದ್ದನ್ನು ಕಾಯುವುದೊಂದೇ ದಾರಿ ಎಂಬುದು ಮನವರಿಕೆಯಾಗುತ್ತದೆ.

ಪಾಳುನೆಲ ಹೀಗೆ ಕಾಡಾಗುತ್ತದೆಯೇ ಎಂದು ಸಂಶಯಪಡುವವರಿಗೆ ಕೊಡಗಿನ ಸಾಯಿ ಸ್ಯಾಂಕ್ಚುರಿಯ ಉದಾಹರಣೆಯಿದೆ. ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ ದಂಪತಿ 1991ರಲ್ಲಿ ಬ್ರಹ್ಮಗಿರಿಯ ತಪ್ಪಲಿನಲ್ಲಿ 55 ಎಕರೆ ಕೊಂಡಾಗ, ಅದು ಅತಿಮಳೆಯಿಂದಾಗಿ ಬೆಳೆ ಕೈಗೆ ಹತ್ತದೆ ಮಾಲೀಕರು ಬಿಟ್ಟುಕೊಡಲು ಸಿದ್ಧರಿದ್ದ ಜಮೀನು. ಅಂತಹದೇ ಜಮೀನುಗಳನ್ನು ಸೇರಿಸುತ್ತ ಹೋಗಿ ಅದು ಸುಮಾರು 300 ಎಕರೆಯಾಯಿತು, ಆನೆಗಳು ಓಡಾಡುವ ಕಾಡಾಯಿತು. ನಾಲ್ಕು ಎಕರೆಯನ್ನು ಅದಕ್ಕೆ ಹೋಲಿಸುವುದು ಸಲ್ಲದು; ಆದರೆ ನೆಲ ನಡೆದುಕೊಳ್ಳುವ ರೀತಿ ಎರಡೂ ಕಡೆ ಒಂದೇ.

ತಾನಾಗಿ ಬರುತ್ತದೆ ಎಂದ ಮಾತ್ರಕ್ಕೆ ಕೈಕಟ್ಟಿ ಕೂರಬಹುದೆಂದಲ್ಲ. ಬೇಣದ ಹುಲ್ಲು ಒಣಗುವ ಮೊದಲೇ, ಜನವರಿಯ ಹೊತ್ತಿಗೆ, ಗಡಿಯುದ್ದಕ್ಕೂ ಬೆಂಕಿರೇಖೆಯನ್ನು ಕೆತ್ತಿ ದರಕು ಗುಡಿಸಬೇಕು. ಈ ಒಂದು ಕೆಲಸ ತಪ್ಪಿದರೆ ವರ್ಷಗಟ್ಟಲೆ ಬೆಳೆದದ್ದು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ದನಗಳಿಗೆ ತಂತಿಬೇಲಿಗಿಂತ ಹಳೆಯ ಕಾಲದ ಅಗಳವೇ (ಗಡಿಯ ಕಂದಕ) ಮೇಲೆಂದು ನಮ್ಮ ಅನುಭವ. ಅದು ಮಳೆನೀರನ್ನೂ ಹಿಡಿದು ಇಂಗಿಸುತ್ತದೆ, ಕಾಡುಪ್ರಾಣಿಗಳಿಗೆ ಗಾಯ ಮಾಡುವುದಿಲ್ಲ. ಲಂಟಾನ ಮತ್ತು ಯುಪಟೋರಿಯಂ ಪೊದೆಗಳನ್ನು ಹೂಬಿಡುವ ಮೊದಲು ಕೀಳಬೇಕು, ಆದರೆ ಒಂದೇ ಸಲಕ್ಕೆ ಎಲ್ಲವನ್ನೂ ಬೋಳಿಸಬಾರದು, ಏಕೆಂದರೆ ಆ ಮುಳ್ಳಿನ ಮರೆಯಲ್ಲಿಯೇ ಎಷ್ಟೋ ಸಸಿಗಳು ದನದ ಬಾಯಿಗೆ ಸಿಗದೆ ಉಳಿದಿರುತ್ತವೆ. ಇದ್ದ ಮರಗಳಿಗೆ ಕಾಳುಮೆಣಸು ಹಬ್ಬಿಸಿದ್ದೇವೆ. ಜಮೀನು ಕೃಷಿಭೂಮಿಯಾಗಿಯೇ ಉಳಿಯಬೇಕು, ಅದಲ್ಲದೆ ಮರವನ್ನು ಕಡಿಯದೆ ಬರುವ ಆದಾಯ ಮಲೆನಾಡಿನಲ್ಲಿ ಇದಕ್ಕಿಂತ ಉತ್ತಮವಾದದ್ದು ಇನ್ನೊಂದಿಲ್ಲ.

ಮರದ ಬಗ್ಗೆಯೂ ಒಂದು ಮಾತು. ನಿಮ್ಮದೇ ನೆಲದ ಮರವನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ತೆಂಗು, ರಬ್ಬರಿನಂತಹ ಕೆಲವಕ್ಕೆ ಮಾತ್ರ ವಿನಾಯಿತಿಯಿದೆ. ಇದನ್ನು ಕಿರುಕುಳವೆಂದು ಭಾವಿಸುವವರು ಕಾಡು ಕೊಳ್ಳುವ ಯೋಚನೆಯನ್ನು ಬಿಡುವುದು ಒಳ್ಳೆಯದು.

ಊರಿನೊಡನೆ ಹೊಂದಿಕೊಂಡು ಹೋಗುವುದು ಕಾನೂನಿಗಿಂತ ಮುಖ್ಯ. ನಮ್ಮ ಬೇಣದ ನಡುವೆ ಮೇಲಿನ ಕೇರಿಯವರು ತಲೆಮಾರುಗಳಿಂದ ಓಡಾಡುವ ಕಾಲುದಾರಿಯಿದೆ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಹಕ್ಕಿನಿಂದ ಬಳಸಿದ ದಾರಿಗೆ 1882ರ ಈಸ್‌ಮೆಂಟ್ (ಅನುಭೋಗದ ಹಕ್ಕು) ಕಾಯ್ದೆಯೇ ರಕ್ಷಣೆ ಕೊಡುತ್ತದೆ. ಕೊಡದಿದ್ದರೂ ಅದನ್ನು ಮುಚ್ಚುವುದು ಅನ್ಯಾಯ. ಆ ದಾರಿಗೆ ಅಗಳದ ಮೇಲೆ ಸಂಕ ಹಾಕಿಸಿದೆವು. ಉಪ್ಪಾಗೆ ಹಣ್ಣನ್ನು ಮೊದಲಿನಿಂದ ಆರಿಸುತ್ತಿದ್ದ ಹೆಂಗಸರು ಈಗಲೂ ಬಂದು ಆರಿಸುತ್ತಾರೆ, ಕೊಂಬೆ ಕಡಿಯಬಾರದೆಂಬುದಷ್ಟೇ ಒಪ್ಪಂದ. ಬೇಸಿಗೆಯಲ್ಲಿ ಬೆಂಕಿ ಕಂಡಾಗ ಮೊದಲು ಕೂಗುವವರೂ, ಹಸಿ ಸೊಪ್ಪು ಹಿಡಿದು ಓಡಿಬರುವವರೂ ಅವರೇ. ದೂರದ ಊರಿನಲ್ಲಿ ಕುಳಿತ ಮಾಲೀಕನ ಕಾಡು ಉಳಿಯುವುದು ಇಂತಹ ಜನರಿಂದ.

ನೆಮ್ಮದಿಯನ್ನು ಬಯಸಿ ಬರುವವರು ಕಾಲಮಾನವನ್ನೂ ತಿಳಿದಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಂಬಳ (ಜಿಗಣೆ), ಜಾರುವ ದಾರಿ, ದಿನಗಟ್ಟಲೆ ಇಲ್ಲದ ವಿದ್ಯುತ್ತು. ಆದರೆ ಕಾಡು ಬೆಳೆಯುವುದು ಆಗಲೇ, ನಾನಂತೂ ಆ ತಿಂಗಳುಗಳನ್ನೇ ಹೆಚ್ಚು ಪ್ರೀತಿಸುತ್ತೇನೆ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗು ಎಂಬ ರಕ್ತಹೀರುವ ಹುಳುವಿನಿಂದ ಹರಡುತ್ತದೆ. ದರಕಿನ ಮೇಲೆ ಕೂರದಿರುವುದು, ತೋಳು ಕಾಲು ಮುಚ್ಚುವ ಬಟ್ಟೆ ತೊಡುವುದು, ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳುವುದು, ಮಂಗ ಸತ್ತದ್ದು ಕಂಡರೆ ಕೂಡಲೇ ತಿಳಿಸುವುದು ಎಲ್ಲರ ಕರ್ತವ್ಯ. ಮನೆಯನ್ನು ನಾವು ಕಾಡಿನ ನಡುವೆ ಕಟ್ಟದೆ ರಸ್ತೆಯ ಬದಿಯಲ್ಲಿ, ಊರಿನ ದೀಪಗಳು ಕಾಣುವಲ್ಲಿ ಚಿಕ್ಕದಾಗಿ ಕಟ್ಟಿದೆವು. ಹಾಗಾಗಿ ಹಳ್ಳದ ಬದಿಯನ್ನು ಕಡವೆ, ಮುಳ್ಳುಹಂದಿಗಳಿಗೆ ಪೂರ್ತಿಯಾಗಿ ಬಿಡಲು ಸಾಧ್ಯವಾಗಿದೆ.

ಈಗ ನಮ್ಮ ಮುಂದಿರುವ ಪ್ರಶ್ನೆ, ನಮ್ಮ ನಂತರ ಈ ನೆಲವೇನಾಗಬೇಕೆಂಬುದು. ಮರ ಬೆಳೆದಷ್ಟೂ ಅದರ ಮೇಲೆ ಕಣ್ಣು ಹಾಕುವವರು ಹೆಚ್ಚುತ್ತಾರೆ, ಮತ್ತು ಉಯಿಲಿನಲ್ಲಿ ಬರೆದ ಆಶಯ ಮುಂದಿನ ಖರೀದಿದಾರನನ್ನು ಕಟ್ಟಿಹಾಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಸೇರಿಸಿದ 36ಸಿ ಕಲಮು, ಒಬ್ಬ ವ್ಯಕ್ತಿ ಅಥವಾ ಸಮುದಾಯ ತಾನಾಗಿ ಮುಂದೆ ಬಂದರೆ ಖಾಸಗಿ ನೆಲವನ್ನೂ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲು ಅವಕಾಶ ಕೊಡುತ್ತದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ನಮ್ಮ ರಾಜ್ಯದಲ್ಲಿ ಅಂತಹ ಘೋಷಣೆ ಪಡೆದ ಊರು. ಹಾಗೆ ಘೋಷಿಸಿದ ಮೇಲೆ, ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆಯಿಲ್ಲದೆ ಭೂಬಳಕೆಯನ್ನು ಬದಲಿಸುವಂತಿಲ್ಲ. ನಾಲ್ಕು ಎಕರೆಯೊಂದಕ್ಕೇ ಅದನ್ನು ಕೇಳುವುದು ಅರ್ಥಹೀನವಾದೀತು. ಹಳ್ಳದ ಆಚೆ ಗದ್ದೆ ಬಿಟ್ಟಿರುವ ಇನ್ನೂ ಮೂರು ಕುಟುಂಬಗಳಿವೆ. ಮಳೆಗಾಲ ಮುಗಿದ ಮೇಲೆ ಅವರೊಡನೆ ಕುಳಿತು, ಹಳ್ಳದ ಎರಡೂ ದಡಗಳನ್ನು ಒಟ್ಟಾಗಿ ಮೀಸಲಿಡಬಹುದೇ ಎಂದು ಮಾತನಾಡಲಿದ್ದೇವೆ.